ಮಣೆ ಇಲ್ಲದ ಚಿತ್ರ

ಚಳಿ ಹಿಂದೆ ಸರಿದು, ಬಿಸಿಲು ಇನ್ನೂ ಪೂರ್ತಿ ಕಾಲೂರದ ದಿನಗಳು. ಗುರುವಾರ, ಊಟ ಮುಗಿಸಿದವರು ಕೂತಲ್ಲೇ ತೂಕಡಿಸುವ ಹೊತ್ತು. ಸಾಹೇಬರು ಚಿತ್ರಶಾಲೆಯ ಕಿಟಕಿಯಲ್ಲಿ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡರು.

ಕಿಟಕಿಯ ಆಚೆ ಕೂತಿದ್ದವಳು ತೀರಿಹೋದ ಚಿತ್ರಗಾರನ ತಂಗಿ. ತಲೆ ಪೂರ್ತಿ ಬೆಳ್ಳಗಾದ ಹೆಂಗಸು. ಹೋದ ವಾರ ಸಾಹೇಬರು ಬಂದಾಗ ಒಳಬಾಗಿಲಲ್ಲಿ ನಿಂತೇ ಇದ್ದವಳು ಈ ಸಲ ತಲೆಯನ್ನೂ ಎತ್ತಲಿಲ್ಲ. ಟಿಕೆಟ್ಟಿನ ಅಂಚು ಹರಿದು ಕೈಗಿಟ್ಟು, "ಕೂತು ನೋಡಿ" ಎಂದಳು.

ಒಳಗೆ ಹೋಗುವವರಿಗೆಲ್ಲ ಅವಳು ಹೇಳುವ ಮಾತು ಅದೇ. ಆದರೂ ಸಾಹೇಬರಿಗೆ ಉಗುರಿನ ಸಂದಿಗೆ ಸಿಬಿರು ಚುಚ್ಚಿದಂತಾಯಿತು. ಯಾಕೆಂದರೆ ಬೆಳಿಗ್ಗೆಯಷ್ಟೇ ಇನ್ನೊಬ್ಬ ಹೆಂಗಸು ಅದೇ ಮಾತನ್ನು ಪ್ರಶ್ನೆ ಮಾಡಿ ಕೇಳಿ ಹೋಗಿದ್ದಳು.

ಅವಳು ಚಿತ್ರಗಳಿಗೆ ಚೌಕಟ್ಟು ಹಾಕುವ ಮೇಸ್ತ್ರಿಯ ಹೆಂಡತಿ. ಹೋದ ವಾರ ಸಾಹೇಬರು ಆಡಿದ ಒಂದು ಮಾತಿನಿಂದ ಅವಳ ಗಂಡ ನಕಲಿ ಚಿತ್ರ ಮಾಡಿದವನೆನಿಸಿಕೊಂಡು ಠಾಣೆಯ ಕಂಬಿಯ ಹಿಂದೆ ಕೂತಿದ್ದ. ನಾಳೆ ಶುಕ್ರವಾರ ಅವನನ್ನು ಮತ್ತೆ ಕೋರ್ಟಿಗೆ ಕರೆದೊಯ್ಯುವುದೆಂದು ಗೊತ್ತಾಗಿತ್ತು.

ಅವಳು ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ, ಇಲ್ಲವೇ ಶಾಪ ಹಾಕುತ್ತಾಳೆ ಎಂದು ಸಾಹೇಬರು ಮೂರಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಕೂತಿದ್ದರು. ಇನ್ಸ್‌ಪೆಕ್ಟರ್ ಆಗಿ ನಿವೃತ್ತಿಯಾದವರಿಗೆ ಅಂಥ ಉತ್ತರಗಳು ಜೇಬಿನಲ್ಲೇ ಇರುತ್ತವೆ. ಅವಳು ಮೂರರಲ್ಲಿ ಒಂದನ್ನೂ ಮಾಡಲಿಲ್ಲ. ಸಾಹೇಬರ ಅಕ್ಕ ಕೊಟ್ಟ ನೀರು ಕುಡಿದು, ಲೋಟ ಕೆಳಗಿಟ್ಟು, ಒಂದೇ ಮಾತು ಕೇಳಿದಳು.

"ಸಾಹೇಬ್ರೇ, ನೀವು ಅದನ್ನ ಕೂತು ನೋಡಿದ್ರಾ?"

ನಿಂತರೇನು, ಕೂತರೇನು, ಕಣ್ಣು ಅದೇ ತಾನೇ ಎಂದರು ಸಾಹೇಬರು. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಬಾಗಿಲ ಬಳಿ ನಿಂತಿದ್ದ ಅಕ್ಕ, ಎಡಗಡೆಯ ಹುಬ್ಬನ್ನು ಬೆರಳಿನಿಂದ ಒತ್ತಿಕೊಳ್ಳುತ್ತ, ಆ ಹೆಂಗಸು ಬೀದಿಯ ತಿರುವು ದಾಟುವವರೆಗೂ ನೋಡಿದಳು. ಯೋಚನೆ ಹತ್ತಿದಾಗ ಹುಬ್ಬು ಒತ್ತಿಕೊಳ್ಳುವುದು ಅಕ್ಕನ ಹಳೆಯ ಅಭ್ಯಾಸ. ತಾಯಿ ಹೋದ ಮೇಲೆ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಹೆಂಡತಿ ತೀರಿಕೊಂಡ ಮೇಲೆ ಸಾಹೇಬರು ಬಂದು ಸೇರಿದ್ದೂ ಅವಳ ಮನೆಯನ್ನೇ.

ಮಧ್ಯಾಹ್ನ ಅನ್ನ ಬಡಿಸುವಾಗ ಅಕ್ಕ ಮಾತು ತೆಗೆದಳು.

"ಹೋಗಿ ಕೂತು ನೋಡ್ಕೊಂಡು ಬರಬಾರ್ದಾ ತಮ್ಮ? ನಿನ್ನ ಮಂಡಿ ಏನು ಕಳಚಿ ಬೀಳಲ್ಲ."

ಹಾಗೆ ಬಂದಿದ್ದರು ಸಾಹೇಬರು.

ಆ ಚಿತ್ರಶಾಲೆ ಮೊದಲು ಚಿತ್ರಗಾರ ಇದ್ದ ಮನೆ. ಅವನದು ಬಿಟ್ಟರೆ ಬೇರೆಯವರ ಒಂದು ಗೆರೆಯೂ ಅಲ್ಲಿಲ್ಲ. ಊರಿನವರು ಅದಕ್ಕೆ ಇಟ್ಟ ಹೆಸರು ಮಣೆಮನೆ. ಚಿತ್ರಗಾರನಿಗೆ ಚಿಕ್ಕಂದಿನಿಂದ ಬೆನ್ನಿನ ತೊಂದರೆ. ನಿಂತು ಕೆಲಸ ಮಾಡಲಾಗದು. ಮೊಣಕಾಲೆತ್ತರಕ್ಕೂ ಬಾರದ ಮರದ ಮಣೆಯ ಮೇಲೆ ಕೂತು, ಕುಂಚವನ್ನು ಉದ್ದನೆಯ ಬೆತ್ತಕ್ಕೆ ಕಟ್ಟಿ, ಆಳೆತ್ತರವನ್ನೂ ಮೀರಿದ ಬಟ್ಟೆಯ ಮೇಲೆ ಬರೆಯುತ್ತಿದ್ದ. ಬರೆದದ್ದು ಕೂತು; ನೋಡುವುದೂ ಕೂತೇ ಎಂಬುದು ಅವನ ಹಟ. ಅದಕ್ಕೇ ಒಂದೊಂದು ಚಿತ್ರದ ಕೆಳಗೂ ಒಂದೊಂದು ಮಣೆ. ಒಂದರ ಎತ್ತರ ಇನ್ನೊಂದಕ್ಕಿಲ್ಲ.

ಮೊದಲ ಕೋಣೆಯಲ್ಲಿ ಗಂಡಹೆಂಡಿರಿಬ್ಬರು ಇದ್ದರು. ಹೊಸದಾಗಿ ಮದುವೆಯಾದವರಿರಬೇಕು, ಇಬ್ಬರ ಬಟ್ಟೆಯ ಮಡಿಕೆಯೂ ಇನ್ನೂ ಮಾಸಿರಲಿಲ್ಲ. ಎದುರಿಗಿದ್ದದ್ದು ಏಣಿ ಹೊತ್ತ ಸುಣ್ಣ ಬಳಿಯುವವನ ಚಿತ್ರ. ಗಂಡ ನಿಂತು ನೋಡಿ, ತಲೆ ನೋಡು, ನಿಮ್ಮಪ್ಪನದೇ ಎಂದ. ಅವಳು ಆಗಲೇ ಮಣೆಯ ಮೇಲೆ ಕೂತಿದ್ದಳು. "ಕೂತ್ಕೊಂಡು ನೋಡಿ," ಎಂದಳು, "ಆಮೇಲೆ ನಿಮ್ಮಪ್ಪನ ಥರಾನೇ ಕಾಣುತ್ತೆ."

ಇಬ್ಬರೂ ನಕ್ಕು ಮುಂದಿನ ಕೋಣೆಗೆ ಹೋದರು. ಸಾಹೇಬರಿಗೆ ನಗು ಬರಲಿಲ್ಲ.

ಏಣಿ ಹೊತ್ತವನ ತಲೆ ನಿಜಕ್ಕೂ ದೊಡ್ಡದು. ಕುಂಬಳಕಾಯಿಯ ಹಾಗೆ. ಪಕ್ಕದ ಚಿತ್ರದಲ್ಲಿ ಹೊಲಿಗೆ ಯಂತ್ರದ ಮುಂದೆ ಎದ್ದು ನಿಂತ ಹೆಂಗಸು. ಅವಳ ತಲೆಯೂ ಹಾಗೇ. ಎದುರು ಗೋಡೆಯ ಕ್ಷೌರಿಕನದೂ ಹಾಗೇ. ಆ ಕೋಣೆಯ ತುಂಬ ಮೈಗಿಂತ ತಲೆ ಭಾರವಾದ ಜನ.

ಸಾಹೇಬರು ಒಂದೊಂದು ತಲೆಯನ್ನೂ ಮತ್ತೊಮ್ಮೆ ನೋಡಿದರು.

ಹೋದ ವಾರ ಅವರು ಈ ಕೋಣೆಗೆ ಬಂದೇ ಇರಲಿಲ್ಲ. ಅಳಿಯ ಹಿಂಬಾಗಿಲಿನಿಂದ ನೇರ ಒಳಗಿನ ಕೋಣೆಗೆ ಕರೆದುಕೊಂಡು ಹೋಗಿದ್ದ. ಅಳಿಯನೆಂದರೆ ಅಕ್ಕನ ಒಬ್ಬನೇ ಮಗ, ಈ ಚಿತ್ರಶಾಲೆಯ ಮೇಲ್ವಿಚಾರಕ. ಗೋಡೆಯಲ್ಲಿ 'ಮೆಟ್ಟಿಲ ಮೇಲಿನವಳು' ಎಂಬ ಚಿತ್ರ ತೂಗುತ್ತಿತ್ತು. ಅದರ ಪಕ್ಕದಲ್ಲಿ ಅದೇ ಥರದ್ದು ಇನ್ನೊಂದನ್ನು ನೆಲಕ್ಕೂರಿ ನಿಲ್ಲಿಸಿದ್ದರು. ಅದು ಮೇಸ್ತ್ರಿಯ ಅಂಗಡಿಯಲ್ಲಿ ಹಲಗೆಗಳ ಅಡಿ ಸಿಕ್ಕಿದ್ದು. ಎರಡರಲ್ಲಿ ಅಸಲಿ ಯಾವುದು, ನಕಲಿ ಯಾವುದು? ಠಾಣೆಯ ಈಗಿನ ಇನ್ಸ್‌ಪೆಕ್ಟರ್ ಹಿಂದೆ ಸಾಹೇಬರ ಕೈಕೆಳಗೆ ಪಳಗಿದವನು. ನೀವು ಹೇಳಿದರೆ ಅದೇ ಕೊನೆ ಸಾರ್ ಎಂದು ಕೈಕಟ್ಟಿ ನಿಂತಿದ್ದ.

ಎಷ್ಟು ವರ್ಷಗಳಾಗಿದ್ದವು, ಯಾರಾದರೂ ಹಾಗೆ ಕೈಕಟ್ಟಿ ನಿಂತು!

ಸಾಹೇಬರು ಎರಡನ್ನೂ ನೋಡಿ ಎರಡು ಕಾರಣ ಕೊಟ್ಟರು. ಮೇಸ್ತ್ರಿಯ ಹತ್ತಿರ ಸಿಕ್ಕಿದ್ದರಲ್ಲಿ ತಲೆ ದೊಡ್ಡದು, ಅಳತೆ ತಪ್ಪಿದೆ. ಇನ್ನೊಂದು, ಎಡಗಡೆಯ ಹುಬ್ಬು ನಡುವೆ ತುಂಡಾಗಿದೆ. ನಕಲು ಮಾಡಿದವನ ಕೈ ಜಾರಿದೆ. ಗೋಡೆಯ ಮೇಲಿನದರಲ್ಲಿ ತಲೆಯೂ ಸರಿ, ಹುಬ್ಬೂ ಸರಿ. ಅದೇ ಅಸಲಿ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಂಗಡಿಯಿಂದ ಕರೆತಂದು ಪಕ್ಕದಲ್ಲೇ ನಿಲ್ಲಿಸಿದ್ದ ಮೇಸ್ತ್ರಿ ಅವರ ಮುಖವನ್ನೇ ನೋಡಿದ. ಏನೋ ಹೇಳಬೇಕೆಂದು ತುಟಿ ಅಲುಗಿತು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ಸುಮ್ಮನಾಗಿಬಿಟ್ಟ. ಬಾಗಿಲಲ್ಲಿ ನಿಂತಿದ್ದವಳು ಚಿತ್ರಗಾರನ ತಂಗಿ.

ಈಗ ಸಾಹೇಬರು ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸಿ, ಒಂದು ಕೈ ನೆಲಕ್ಕೂರಿ, ಸುಣ್ಣ ಬಳಿಯುವವನ ಮುಂದಿನ ಮಣೆಯ ಮೇಲೆ ಕೂತರು. ಮಂಡಿ ಒಣಗಿದ ಬಾಗಿಲಿನಂತೆ ಕಿರುಗುಟ್ಟಿತು.

ಕತ್ತೆತ್ತಿ ನೋಡಿದರು.

ಕುಂಬಳಕಾಯಿ ಇರಲಿಲ್ಲ. ಮೇಲಿನ ತಲೆ ದೂರ ಸರಿದು, ಮೈಗೆ ಎಷ್ಟು ಬೇಕೋ ಅಷ್ಟಾಗಿ ನಿಂತಿತ್ತು. ಏಣಿಯ ಭಾರಕ್ಕೆ ಹೆಗಲು ಒಂದು ಕಡೆ ಜಗ್ಗಿತ್ತು. ಸುಣ್ಣದ ಚುಕ್ಕೆ ಬಿದ್ದ ಮುಖ ಇವರನ್ನು ನೋಡುತ್ತಿತ್ತು, ದಾರಿ ಬಿಡಿ ಎನ್ನುವ ಹಾಗೆ. ಕೂತವನ ಕಣ್ಣಿಗೆ ಮೇಲಿನದು ಚಿಕ್ಕದಾಗಿ ಕಾಣುತ್ತದಲ್ಲ, ಅದನ್ನು ಲೆಕ್ಕ ಹಿಡಿದು ಚಿತ್ರಗಾರ ತಲೆಯನ್ನು ದೊಡ್ಡದಾಗಿಯೇ ಬರೆದಿದ್ದ. ನಿಂತು ನೋಡುವವನಿಗೆ ಅದು ತಪ್ಪು. ಕೂತವನಿಗೆ ಸರಿ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹೊಸ ಪೊಲೀಸರಿಗೆಲ್ಲ ಪಾಠ ಹೇಳಿದ ಮನುಷ್ಯ ಸಾಹೇಬರು.

ಎದ್ದದ್ದು ಹೇಗೋ, ಒಳಗಿನ ಕೋಣೆಗೆ ನಡೆದದ್ದು ಹೇಗೋ. 'ಮೆಟ್ಟಿಲ ಮೇಲಿನವಳು' ಹೋದ ವಾರ ಇದ್ದಲ್ಲೇ ಇದ್ದಳು. ನೀರಿನ ಬಕೆಟ್ಟು ಒಂದು ಕೈಯಲ್ಲಿ, ಇನ್ನೊಂದು ಕೈ ಮೆಟ್ಟಿಲ ಬದಿಯ ಕಟಾಂಜನದ ಮೇಲೆ. ಆ ಚಿತ್ರದ ಕೆಳಗೆ ಮಾತ್ರ ಮಣೆ ಇರಲಿಲ್ಲ. ಹೋದ ವಾರವೂ ಇರಲಿಲ್ಲವೆಂಬುದು ಈಗ ನೆನಪಾಯಿತು. ನೆಲದಲ್ಲಿ ನಾಲ್ಕು ಕಾಲಿನ ಗುರುತು ಮಾತ್ರ ಬೆಳ್ಳಗೆ ಉಳಿದಿತ್ತು.

ಇನ್ನೊಂದು ನೆನಪೂ ಅದರ ಹಿಂದೆಯೇ ಬಂತು. ಆ ದಿನ ಸಾಹೇಬರು ಸುತ್ತ ನೋಡಿದಾಗ ಅಳಿಯ ತೋಳು ಹಿಡಿದುಕೊಂಡಿದ್ದ. ಕಾಲು ನೋವು ಮಾವ, ಕೂರೋ ಗೋಜು ಬೇಡ, ನಿಂತೇ ನೋಡಿ ಎಂದಿದ್ದ. ಎಷ್ಟು ಅಕ್ಕರೆ ಹುಡುಗನಿಗೆ ಎಂದು ಅಕ್ಕನ ಮುಂದೆ ಹೊಗಳಿದ್ದೂ ಆಗಿತ್ತು.

ಸಾಹೇಬರು ಪಕ್ಕದ ಚಿತ್ರದ ಮಣೆಯನ್ನು ಕೋಲಿನಿಂದ ಎಳೆದು, ಆ ಗುರುತಿನ ಮೇಲೇ ಇಟ್ಟು, ಕೂತರು.

ಬಕೆಟ್ಟು ಹಿಡಿದವಳ ತಲೆ ಕುಗ್ಗಿಹೋಯಿತು. ಕೊಡದ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ನಿಂತು ನೋಡಿದಾಗ, ಬಾಗಿಲಲ್ಲಿ ಮಾರುವ ಅಂಗೈಯಗಲದ ಕಾರ್ಡಿನಲ್ಲಿ ಆ ಚಿತ್ರ ಹೇಗಿದೆಯೋ ಹಾಗೇ ಇತ್ತು ಇದು. ಕಾರ್ಡಿಗೆ ಫೋಟೋ ತೆಗೆದವನು ಮಣೆಯ ಮೇಲೆ ಕೂತು ತೆಗೆದಿದ್ದ. ಅದರಲ್ಲಿ ತಲೆ ಆಗಲೇ ಸರಿಯಾಗಿತ್ತು. ನಕಲು ಮಾಡಿದವನು ಆ ಕಾರ್ಡು ನೋಡಿ, ನಿಂತುಕೊಂಡು, ಅಳತೆಗೆ ಸರಿಯಾಗಿ ದೊಡ್ಡದು ಮಾಡಿದ್ದ. ಕಾರ್ಡಿನಲ್ಲಿ ಉಗುರಿನಷ್ಟಿದ್ದ ಮುಖದಲ್ಲಿ ತುಂಡು ಹುಬ್ಬು ಕಾಣುವುದೆಲ್ಲಿ ಬಂತು? ಅವನು ಹುಬ್ಬನ್ನು ಪೂರ್ತಿ ಎಳೆದಿದ್ದ.

ನಕಲಿ ಗೋಡೆಯ ಮೇಲಿತ್ತು. ಅಸಲಿಯನ್ನು ಹಲಗೆಯಡಿ ಮುಚ್ಚಿಟ್ಟು ಕಾಯ್ದವನು ಕಂಬಿಯ ಹಿಂದಿದ್ದ.

ಸಾಹೇಬರು ಏಳಲು ನೋಡಿದರು. ಆಗಲಿಲ್ಲ. ಒಂದು ಸಲ ಕೂತು ಎದ್ದ ಮಂಡಿ ಎರಡನೆಯ ಸಲಕ್ಕೆ ಒಲ್ಲೆನೆಂದುಬಿಟ್ಟಿತು. ಕೋಲು ಕೈಗೆಟುಕದಷ್ಟು ದೂರ ಉರುಳಿತ್ತು.

"ಯಾರಾದ್ರೂ ಇದ್ದೀರಾ?"

ಬಂದವಳು ಚಿತ್ರಗಾರನ ತಂಗಿ. ಬಾಗಿಲಲ್ಲಿ ನಿಂತು ಮೊದಲು ಮಣೆ ನೋಡಿದಳು, ಆಮೇಲೆ ಗೋಡೆ ನೋಡಿದಳು, ಕೊನೆಗೆ ಇವರನ್ನು. ಕೋಲು ಎತ್ತಿಕೊಂಡಳು. ಆದರೆ ಕೊಡಲಿಲ್ಲ.

"ಎಬ್ಬಿಸ್ತೀನಿ," ಎಂದಳು. "ಮೊದಲು ಕೂತು ಕೇಳಿಸ್ಕೊಳ್ಳಿ."

ಎಷ್ಟೋ ಜನರನ್ನು ನೆಲದ ಮೇಲೆ ಕೂರಿಸಿ, ತಾವು ನಿಂತು ಪ್ರಶ್ನೆ ಕೇಳಿದವರು ಸಾಹೇಬರು. ಆ ಕೂತವರಿಗೆ ನಿಂತವನ ತಲೆ ಎಷ್ಟು ಎತ್ತರದಲ್ಲಿ ಕಾಣುತ್ತಿತ್ತೆಂಬುದು ಇವತ್ತು ಗೊತ್ತಾಯಿತು.

ಅವಳು ಹೇಳಿದ್ದಿಷ್ಟು. ತಿಂಗಳ ಹಿಂದೆ ಒಂದು ಬೆಳಿಗ್ಗೆ ಧೂಳು ಒರೆಸಲೆಂದು ಬಂದಳು. ಕೆಳಗಿನ ಚೌಕಟ್ಟು ಒರೆಸುವಾಗ ಮಣೆ ಇಲ್ಲದ್ದಕ್ಕೆ ನೆಲಕ್ಕೇ ಕೂತಳು. ಕತ್ತೆತ್ತಿದರೆ, ಯಾರೋ ಆ ಹೆಂಗಸಿನ ಕತ್ತಿನ ಮೇಲೆ ಬೇರೆ ತಲೆ ತಂದಿಟ್ಟ ಹಾಗಿತ್ತು. ಓಡಿಹೋಗಿ ಮೇಸ್ತ್ರಿಯನ್ನು ಕರೆದಳು. ಮೇಸ್ತ್ರಿ ಹುಡುಕಾಡಿ, ಸಾಮಾನಿನ ಕೋಣೆಯಲ್ಲಿ ಪೆಟ್ಟಿಗೆಗಳ ಹಿಂದೆ ಗೋಣಿಯಲ್ಲಿ ಸುತ್ತಿಟ್ಟಿದ್ದ ಅಸಲಿಯನ್ನು ಪತ್ತೆ ಮಾಡಿದ. ಪೊಲೀಸರಿಗೆ ಹೇಳೋಣ ಎಂದ. ಅವಳು ಬೇಡ, ತಡಿ ಎಂದಳು. ಅಲ್ಲಿಯವರೆಗೆ ತನ್ನ ಅಂಗಡಿಯಲ್ಲೇ ಇರಲಿ ಎಂದು ಅವನು ಹೊತ್ತುಕೊಂಡು ಹೋದ.

"ಅದು ಕಾಣೆಯಾಗಿದ್ದು ಬಚ್ಚಿಟ್ಟವನಿಗೆ ಗೊತ್ತಾಯ್ತು, ಹುಡುಕ್ಕೊಂಡು ಹೋದ. ಸಿಕ್ತು. ಕದ್ದದ್ದು ವಾಪಸ್ ತಗೊಳ್ಳೋಕೆ ಬಾಯಿಲ್ಲ, ಬಿಡೋಕೆ ಮನಸ್ಸಿಲ್ಲ. ಅಸಲಿನೇ ನಕಲಿ ಅಂತ ದೂರು ಕೊಟ್ಟ. ಹೌದು ಅನ್ನೋಕೆ ನಿಮ್ಮನ್ನ ಕರೆಸ್ದ."

"ಯಾರು?"

"ಆ ಹೆಸರು ನನ್ನ ಬಾಯಿಂದಾನೇ ಬೇಕಾ ಸಾಹೇಬ್ರೇ?"

ಬೇಡವಾಗಿತ್ತು. ಊರಿನಲ್ಲಿ ಕಲಿತವರು, ಚಿತ್ರ ಬಲ್ಲವರು ಬೇಕಾದಷ್ಟಿದ್ದರು. ಅಳಿಯ ಅವರನ್ನು ಯಾರನ್ನೂ ಕರೆಯದೆ, ಮಂಡಿ ಮಡಚಲಾಗದ ಮಾವನನ್ನು ಕರೆದಿದ್ದ.

ಸಾಹೇಬರು ನೆಲ ನೋಡಿದರು. "ನೀವಾದ್ರೂ ಅವತ್ತು ಬಾಯಿ ಬಿಡಬಹುದಿತ್ತಲ್ಲಮ್ಮ. ಬಾಗಿಲಲ್ಲೇ ನಿಂತಿದ್ರಿ."

"ನಿಂತಿದ್ದೆ. ಮೇಸ್ತ್ರಿ ನನ್ನ ಕಡೆ ನೋಡ್ದ. ನಾನು ತಲೆ ತಗ್ಗಿಸ್ದೆ." ಅವಳ ದನಿ ಏರಲಿಲ್ಲ. "ನಾನು ಬಾಯಿ ಮುಚ್ಕೊಂಡೆ. ನೀವು ಬಾಯಿ ಬಿಟ್ರಿ. ನಡುವೆ ಸಿಕ್ಕಿದ್ದು ಅವನು. ತೂಗಿದ್ರೆ ಇಬ್ಬರ ಪಾಪಾನೂ ಒಂದೇ ತೂಕ."

"ಯಾಕೆ ಮುಚ್ಕೊಂಡ್ರಿ?"

"ನಿಮ್ಮ ಅಕ್ಕನಿಗೋಸ್ಕರ."

ಮಗ ಜೈಲಿಗೆ ಹೋದರೆ ತಾಯಿ ನೊಂದುಕೊಳ್ಳುತ್ತಾಳೆಂದು ಸುಮ್ಮನಿದ್ದಿರಾ ಎಂದು ಸಾಹೇಬರು ಕೇಳಿದರು. ಅವಳು ಗೋಡೆಯ ಚಿತ್ರದತ್ತ ಕೋಲು ತೋರಿಸಿ, ಹುಬ್ಬಿನ ಬಗ್ಗೆ ಅವತ್ತು ನೀವು ಏನೋ ಹೇಳಿದಿರಲ್ಲ ಎಂದಳು.

"ಕೈ ಜಾರಿದೆ ಅಂದೆ."

"ಅಣ್ಣ ಆ ಹುಬ್ಬಿನ ಮುಂದೆ ದಿನಗಟ್ಟಲೆ ಕೂತಿದ್ದ. ಕೈ ಜಾರಿದ್ದಲ್ಲ ಅದು. ಆ ಹುಬ್ಬು ಇದ್ದದ್ದೇ ಹಾಗೆ."

ಎಲ್ಲರೂ ಅದು ನಿಮ್ಮ ಚಿತ್ರ ಎನ್ನುತ್ತಾರಲ್ಲ ಎಂದು ಸಾಹೇಬರು ಅವಳ ಮುಖ ನೋಡಿದರು. ಅವಳು ಬಗ್ಗಿ ತನ್ನ ಎರಡು ಹುಬ್ಬನ್ನೂ ತೋರಿಸಿದಳು. ಬೆಳ್ಳಗಾಗಿದ್ದವು, ಆದರೆ ಎರಡೂ ಪೂರ್ತಿಯಾಗಿದ್ದವು.

"ಹಾಗಂತ ನಾನೇ ಹೇಳ್ಕೊಂಡು ಬಂದೆ, ಇಷ್ಟು ವರ್ಷ. ಯಾರೂ ಇನ್ನೊಂದು ಪ್ರಶ್ನೆ ಕೇಳಬಾರ್ದು ಅಂತ. ಅಸಲಿ ನಿಮ್ಮ ಮನೇಲೇ ಇದೆಯಂತಲ್ಲ. ಹೋಗಿ ಅದನ್ನ ಕೂತು ನೋಡಿ. ನಾನು ಹೇಳಿದ್ರೆ ಚೆನ್ನಾಗಿರಲ್ಲ."

ಅದು ನಿಜ. ಅಸಲಿ ಇದ್ದದ್ದು ಸಾಹೇಬರ ಕೋಣೆಯಲ್ಲಿಯೇ. ಠಾಣೆಯಲ್ಲಿ ಅಷ್ಟೆತ್ತರದ ಸಾಮಾನು ಇಡಲು ಜಾಗವಿಲ್ಲ, ಮೇಲೆ ಇಲಿಗಳ ಕಾಟ. ನಕಲಿಯಾದರೂ ಸಾಕ್ಷಿ, ನಾಳೆ ಕೋರ್ಟಿಗೆ ಬೇಕು, ನಿಮ್ಮ ಹತ್ತಿರವಿದ್ದರೆ ಭದ್ರ ಎಂದು ಇನ್ಸ್‌ಪೆಕ್ಟರ್ ತಂದಿಟ್ಟು ಹೋಗಿದ್ದ. ಒಂದು ವಾರದಿಂದ ಅದು ಹಾಸಿಗೆಯ ಚಾದರ ಹೊದ್ದು, ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು. ಸಾಹೇಬರು ಅದಕ್ಕೆ ಬೆನ್ನು ಕೊಟ್ಟು ನಿದ್ದೆ ಮಾಡಿದ್ದರು. ಒಳ್ಳೆಯ ನಿದ್ದೆ.

ಅವಳು ಕೈ ಕೊಟ್ಟು ಎಬ್ಬಿಸಿದಳು. ಬಾಗಿಲಲ್ಲಿ ಒಂದು ಮಾತು ನೆನಪಾದವಳಂತೆ, ಮಣೆಯನ್ನೂ ತಂದುಕೊಡಿ ಎಂದಳು. ಒಂದೊಂದು ಮಣೆಗೂ ಅಣ್ಣ ಆ ಚಿತ್ರದ ಬಣ್ಣವನ್ನೇ ಒಂದು ಹೆಬ್ಬೆಟ್ಟಿನಷ್ಟು ಹಚ್ಚಿದ್ದಾನೆ. ಇದರದು ನೀಲಿ. ಕಾಲು ಸಡಿಲವಾಗಿದೆ ಎಂದು ನಿಮ್ಮ ಅಳಿಯ ಮನೆಗೆ ಒಯ್ದವನು ತರಲೇ ಇಲ್ಲ.

ನೀಲಿ ಹೆಬ್ಬೆಟ್ಟು.

ಸಾಹೇಬರು ಅದನ್ನು ದಿನಾ ನೋಡುತ್ತಿದ್ದರು. ಅಡುಗೆಮನೆಯಲ್ಲಿ ಅಕ್ಕ ತರಕಾರಿ ಹೆಚ್ಚಲು ಕೂರುತ್ತಿದ್ದದ್ದು ಅದರ ಮೇಲೇ. ಇವತ್ತು ಬೆಳಿಗ್ಗೆ, ಮೇಸ್ತ್ರಿಯ ಹೆಂಡತಿ ಹೋದ ಮೇಲೆ, ಸಾಹೇಬರು ಗಡ್ಡ ಮಾಡಿಸಿಕೊಂಡು ಬರುವಷ್ಟರಲ್ಲಿ ಆ ಮಣೆ ಅಡುಗೆಮನೆಯಲ್ಲಿರಲಿಲ್ಲ. ಅವರ ಕೋಣೆಯ ನಡುವೆ ಇತ್ತು. ಯಾಕೆಂದು ಕೇಳಿದ್ದಕ್ಕೆ ಜೇಡರ ಬಲೆ ತೆಗೀತಿದ್ದೆ ಎಂದಿದ್ದಳು ಅಕ್ಕ.

ಜೇಡರ ಬಲೆ ತೆಗೆಯುವವರು ಮಣೆಯ ಮೇಲೆ ಹತ್ತುತ್ತಾರೆ. ಅಕ್ಕನ ಕಣ್ಣು ಕೆಂಪಾಗಿದ್ದದ್ದು ಯಾಕೆ?

ಆಟೋದವನು ಏನೇನೋ ಮಾತಾಡುತ್ತಿದ್ದ. ಸಾಹೇಬರು ಮೇಸ್ತ್ರಿಯ ತುಟಿ ಅಲುಗಿದ್ದನ್ನು ನೆನೆಯುತ್ತಿದ್ದರು. ಕೈಕೋಳ ಹಾಕುವಾಗ ಆ ಮನುಷ್ಯ ಕೇಳಿದ್ದು ಒಂದೇ: ಅಂಗಡಿಯಲ್ಲಿ ಅಂಟು ಕಾಯಲಿಟ್ಟಿದ್ದೇನೆ, ಒಲೆ ಆರಿಸಿ ಬರಲಾ. ಸಾಹೇಬರು ಬೇಡವೆಂದಿದ್ದರು. ನೆಪ ಎಂದುಕೊಂಡಿದ್ದರು.

ಮನೆಯ ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ಅಳಿಯ ಮೆಟ್ಟಿಲಿನ ಮೇಲೆ ತಲೆ ಹಿಡಿದು ಕೂತಿದ್ದ. ಇವರನ್ನು ಕಂಡವನೇ ಎದ್ದು ನಿಂತ.

"ಅಮ್ಮ ಎಲ್ಲಿ ಮಾವ?"

ಆ ಪ್ರಶ್ನೆ ಕೇಳಬೇಕೆಂದು ಬಂದವರು ತಾವು. ಸಾಹೇಬರು ನೇರ ತಮ್ಮ ಕೋಣೆಗೆ ಹೋದರು. ಚಾದರ ನಾಲ್ಕು ಮಡಿಕೆಯಾಗಿ ಹಾಸಿಗೆಯ ಮೇಲಿತ್ತು. ಗೋಡೆಗೆ ಮರದ ಬರೀ ಚೌಕಟ್ಟು ಒರಗಿತ್ತು, ಬಾಗಿಲಿಲ್ಲದ ಬಾಗಿಲುವಾಡದ ಹಾಗೆ. ಚಿತ್ರ ಬರೆದ ಬಟ್ಟೆ ಇರಲಿಲ್ಲ. ಎಲ್ಲೂ ಹರಿದಿರಲಿಲ್ಲ, ಕೊಯ್ದಿರಲಿಲ್ಲ. ಸುತ್ತಲಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು ಒಂದು ಬಟ್ಟಲಿನಲ್ಲಿ ಹಾಕಿಟ್ಟಿದ್ದಳು. ಬಟಾಣಿ ಸುಲಿದಿಟ್ಟಷ್ಟು ಚೊಕ್ಕಟವಾಗಿ.

ಅಡುಗೆಮನೆಯಲ್ಲಿ ಮಣೆಯೂ ಇರಲಿಲ್ಲ.

ಅಳಿಯ ಹಿಂದೆಯೇ ಬಂದು ನಿಂತಿದ್ದ.

"ಮಾರೋಕೆ ಅಂತ ತೆಗೆದಿದ್ದಲ್ಲ ಮಾವ. ಆಣೆ ಮಾಡ್ತೀನಿ."

"ಮತ್ಯಾಕೆ?"

ಕೆಲಸಕ್ಕೆ ಸೇರಿ ಇಷ್ಟು ವರ್ಷವಾದರೂ ತಾನೂ ಒಂದು ದಿನ ಕೂತು ನೋಡಿರಲಿಲ್ಲ ಎಂದ ಅಳಿಯ. ಬಾಗಿಲು ಹಾಕುವುದು, ಬೀಗ ತೆಗೆಯುವುದು, ಅಷ್ಟೇ. ಒಂದು ಸಂಜೆ ಕಾಲು ಸೋತು ಆ ಮಣೆಯ ಮೇಲೆ ಕೂತ. ಕತ್ತೆತ್ತಿ ನೋಡಿದ.

"ಅಮ್ಮ ನನ್ನನ್ನೇ ನೋಡ್ತಿದ್ಲು ಮಾವ. ನಾನು ಹುಟ್ಟೋಕೆ ಮುಂಚಿನ ಅಮ್ಮ. ಅಪ್ಪನ್ನ ಯಾವತ್ತೂ ಹಾಗೆ ನೋಡಿದ್ದು ನಾನು ಕಾಣೆ. ದಿನಾ ಯಾರ್ಯಾರೋ ಟಿಕೆಟ್ ತಗೊಂಡು ಬಂದು ಕೂತು ಅದನ್ನ ನೋಡ್ತಾರಲ್ಲ. ಅವತ್ತಿಂದ ನಿದ್ದೆ ಇಲ್ಲ ನಂಗೆ. ಬಾಗಿಲಲ್ಲಿ ಮಾರೋ ಕಾರ್ಡು ಕೊಟ್ಟು ಬೋರ್ಡು ಬರೆಯೋನ ಹತ್ರ ನಕಲು ಮಾಡಿಸಿ, ಅಸಲೀನ ಬಚ್ಚಿಟ್ಟೆ."

ತುಂಡು ಹುಬ್ಬು.

ಹೊಸಿಲು ಎಡವಿ ಬಿದ್ದು ಅಕ್ಕನ ಎಡಹುಬ್ಬು ಸೀಳಿದಾಗ ಸಾಹೇಬರು ಅವಳ ಕಂಕುಳಲ್ಲಿದ್ದ ಕೂಸು. ಬುದ್ಧಿ ಬಂದಾಗಿನಿಂದ ಆ ಹುಬ್ಬನ್ನು ನೋಡಿಕೊಂಡೇ ಬೆಳೆದವರು. ಇವತ್ತು ಮಧ್ಯಾಹ್ನ ಅನ್ನ ಬಡಿಸಲು ಬಗ್ಗಿದಾಗಲೂ ಅದು ಗೇಣು ದೂರದಲ್ಲಿತ್ತು. ದಿನಾ ಕಂಡದ್ದು ಕಣ್ಣಿಗೆ ಕಾಣದು. ಅದೇ ಹುಬ್ಬಿಗೆ ಬೆರಳು ಮಾಡಿ, ಎಲ್ಲರೆದುರು, ಕೈ ಜಾರಿದೆ ನೋಡಿ ಎಂದಿದ್ದರು ಸಾಹೇಬರು.

"ಮೇಸ್ತ್ರಿ ಏನು ಮಾಡಿದ್ದ ನಿಂಗೆ?"

ಅಳಿಯ ತಲೆ ತಗ್ಗಿಸಿದ. ಮೇಸ್ತ್ರಿ ಬಾಯಿ ಬಿಟ್ಟರೆ ಅಮ್ಮನ ಹೆಸರು ಬೀದಿಗೆ ಬರುತ್ತದೆಂದು ಹೆದರಿದೆ, ನೀವು ನಕಲಿ ಅಂದುಬಿಟ್ಟರೆ ಆ ಚಿತ್ರವನ್ನು ಮತ್ತೆ ಯಾರೂ ತಿರುಗಿ ನೋಡುವುದಿಲ್ಲ ಅಂದುಕೊಂಡೆ ಎಂದ.

"ನನ್ನ ಬುದ್ಧಿ ನಂಬಿ ಕರೆಸ್ಲಿಲ್ಲ ನೀನು," ಎಂದರು ಸಾಹೇಬರು. "ನನ್ನ ಮಂಡಿ ನಂಬಿ ಕರೆಸ್ದೆ."

ಅವನು ಬಟ್ಟಲಿನ ಮೊಳೆಗಳನ್ನೇ ನೋಡಿದ.

ಎದುರು ಮನೆಯ ದರ್ಜಿ ಅಕ್ಕನನ್ನು ನೋಡಿದ್ದ. ಸಾಹೇಬರು ಅತ್ತ ಹೋದ ಸ್ವಲ್ಪ ಹೊತ್ತಿಗೆ ಇತ್ತ ಹೊರಟಳಂತೆ. ಕಂಕುಳಲ್ಲಿ ಚಾಪೆಯಂಥ ಉದ್ದನೆಯ ಸುರುಳಿ, ಕೈಯಲ್ಲೊಂದು ಮಣೆ. ಎಲ್ಲಿಗಕ್ಕ, ಬಸ್ಸಿನಲ್ಲಿ ಸೀಟು ಸಿಗಲ್ಲ ಅಂತ ಮಣೆ ಒಯ್ತಿದೀರಾ ಎಂದು ಇವನು ತಮಾಷೆ ಮಾಡಿದನಂತೆ. ಅವಳು ನಕ್ಕು, ಹೂಂ ಎಂದಳಂತೆ. ನಿಲ್ದಾಣಕ್ಕೆ ಬರುವ ಬಸ್ಸು ಎರಡು. ಒಂದು ಠಾಣೆ, ಕೋರ್ಟುಗಳ ಕಡೆ ಹೋಗುತ್ತದೆ. ಇನ್ನೊಂದು ಊರು ದಾಟಿ ಹೋಗುತ್ತದೆ. ಯಾವುದಕ್ಕೆ ಹತ್ತಿದಳೆಂದು ದರ್ಜಿ ನೋಡಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದ.

ಸುಡಬೇಕೆಂದಿದ್ದರೆ ಮನೆಯಲ್ಲೇ ಒಲೆಯಿತ್ತು. ಸುಡುವವರು ಮೊಳೆ ಕಿತ್ತು ಬಟ್ಟಲಿನಲ್ಲಿ ಇಡುವುದಿಲ್ಲ, ಮಣೆ ಹೊತ್ತುಕೊಂಡು ಹೋಗುವುದಿಲ್ಲ. ಆ ಚಿತ್ರವನ್ನು ಯಾರಿಗೋ ಕೂರಿಸಿ ತೋರಿಸಬೇಕು ಅವಳಿಗೆ. ಇಲ್ಲವೇ ಯಾರೂ ಇಲ್ಲದ ಕಡೆ ತಾನೇ ಕೂತು ನೋಡಬೇಕು. ಯಾವುದೆಂದು ಸಾಹೇಬರಿಗೆ ತಿಳಿಯಲಿಲ್ಲ. ಅಕ್ಕನನ್ನು ಬಲ್ಲೆನೆಂದುಕೊಂಡಿದ್ದ ಮನುಷ್ಯನಿಗೆ ಅವಳ ಹುಬ್ಬೇ ಗುರುತು ಸಿಕ್ಕಿರಲಿಲ್ಲ.

ತಿಳಿದಿದ್ದು ಇಷ್ಟು. ನಾಳೆ ಕೋರ್ಟಿನಲ್ಲಿ ಅಸಲಿ ಇದ್ದರೆ, ಯಾರಾದರೂ ಮಣೆ ಹಾಕಿ ಕೂತು ನೋಡಿದರೆ, ಮೇಸ್ತ್ರಿ ಮನೆಗೆ ಹೋಗುತ್ತಾನೆ. ಇಲ್ಲದಿದ್ದರೆ ಸಾಹೇಬರು ಎಷ್ಟು ಬಡಿದುಕೊಂಡರೂ ಕೇಳುವವರಿಲ್ಲ. ಹೋದ ವಾರ ನಕಲಿ ಅಂದಿರಿ, ಈ ವಾರ ಅಸಲಿ ಅಂತೀರಿ, ಎಲ್ಲಿ ತೋರಿಸಿ ಎಂದರೆ ನಮ್ಮ ಮನೆಯಿಂದಲೇ ಕಾಣೆಯಾಯಿತು ಎನ್ನಬೇಕು.

ಅವರು ಠಾಣೆಗೆ ಫೋನು ಮಾಡಿದರು. ಹಳೆಯ ಶಿಷ್ಯನೇ ಎತ್ತಿದ. ನನ್ನಿಂದ ತಪ್ಪಾಗಿದೆ, ಮೇಸ್ತ್ರಿ ಕಳ್ಳನಲ್ಲ ಎಂದರು ಸಾಹೇಬರು. ನನ್ನ ಕೋಣೆಯಲ್ಲಿದ್ದದ್ದೇ ಅಸಲಿ, ಅದು ಈಗ ಇಲ್ಲಿಲ್ಲ ಎಂದರು. ಆ ಕಡೆ ಕುರ್ಚಿ ಸರಿದ ಸದ್ದು, ಪೆನ್ನಿನ ಮುಚ್ಚಳ ತೆಗೆದ ಸದ್ದು.

"ಸಾರ್, ಯಾರ ಮೇಲಾದ್ರೂ ಅನುಮಾನ ಇದೆಯಾ?"

ಅಳಿಯ ಬಂದು ಸಾಹೇಬರ ಕಾಲ ಬಳಿ ನೆಲಕ್ಕೆ ಕೂತ. ಕೂತು, ಕತ್ತೆತ್ತಿ, ಬೇಡ ಎಂದು ತಲೆಯಾಡಿಸಿದ. ಆ ಕಣ್ಣುಗಳು ಥೇಟು ಅಕ್ಕನವೇ.

ಈಗ ಬಾಯಿ ಮುಚ್ಚಿಕೊಂಡರೆ, ಬಾಗಿಲಲ್ಲಿ ನಿಂತು ತಲೆ ತಗ್ಗಿಸಿದ ಆ ಹೆಂಗಸಿಗೂ ತಮಗೂ ವ್ಯತ್ಯಾಸವಿಲ್ಲ. ಬಾಯಿ ಬಿಟ್ಟರೆ ಎತ್ತಿ ಸಾಕಿದ ಕೈಗೇ ಕೋಳ. ಸಾಹೇಬರು ಚಾದರದ ನಾಲ್ಕು ಮಡಿಕೆಗಳನ್ನು ನೋಡುತ್ತ ನಿಂತರು.

"ಸಾರ್, ಕೇಳಿಸ್ತಿದೆಯಾ?"

"ಕೇಳಿಸ್ತಿದೆ. ಬರ್ಕೊಳ್ಳಿ," ಎಂದರು ಸಾಹೇಬರು. "ಇವತ್ತು ಗುರುವಾರ, ಮಧ್ಯಾಹ್ನ ಊಟ ಆದ್ಮೇಲೆ..."

ಮುಂದಿನ ಮಾತಿಗೆ ಒಂದು ಹೆಸರು ಬೇಕಿತ್ತು. ಕೂತು ನೋಡು ಎಂದು ತಮ್ಮನನ್ನು ಕಳಿಸಿ, ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಮನೆ ಬಿಟ್ಟು ಹೋದವಳು ಅಕ್ಕ.